ಬದುಕಿದ ವರ್ಷಗಳ ಎಣಿಕೆಯೊಂದೇ ಸಾಲದು: ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಯ ಗುಣಮಟ್ಟವನ್ನು ಅಳೆಯುವ ಬಗೆ

ಮನೆಯ ಹಿರಿಯರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬಂದಿದೆ ಎಂದು ತಿಳಿದ ದಿನ ಕುಟುಂಬದವರು ಕೇಳುವ ಪ್ರಶ್ನೆಗಳು ಎರಡು. ‘ಇನ್ನೆಷ್ಟು ಕಾಲ?’ ಎಂಬುದು ಮೊದಲನೆಯದು, ‘ಯಾವ ಆಸ್ಪತ್ರೆ?’ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ವೈದ್ಯರು ತಮಗೆ ತಿಳಿದಷ್ಟನ್ನು ಹೇಳುತ್ತಾರೆ. ಎರಡನೆಯದಕ್ಕೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಸಾಮಾನ್ಯವಾಗಿ ದೊರೆಯುವ ಉತ್ತರಗಳನ್ನು ಎಲ್ಲರೂ ಬಲ್ಲರು: ಅಲ್ಲಿ ಹೊಸ ಯಂತ್ರ ಬಂದಿದೆ, ಇಲ್ಲಿ ದೊಡ್ಡ ಡಾಕ್ಟರಿದ್ದಾರೆ, ಮತ್ತೊಂದು ಕಡೆ ಕಾರ್ಡು ನಡೆಯುತ್ತದೆ, ಇನ್ನೊಂದು ಕಡೆ ನಮ್ಮ ಪರಿಚಯದವರು ಕೆಲಸದಲ್ಲಿದ್ದಾರೆ. ಇವೆಲ್ಲ ಉಪಯೋಗಕ್ಕೆ ಬರುವ ಮಾತುಗಳೇ. ಆದರೆ ಆ ಆಸ್ಪತ್ರೆಯಲ್ಲಿ ಕಳೆದ ವರ್ಷ ಇದೇ ರೋಗಕ್ಕೆ ಚಿಕಿತ್ಸೆ ಪಡೆದವರು ಇಂದು ಹೇಗಿದ್ದಾರೆ? ಎಷ್ಟು ಮಂದಿಗೆ ಮೂತ್ರ ಹಿಡಿತದಲ್ಲಿದೆ? ಎಷ್ಟು ಮಂದಿ ಮತ್ತೆ ಆಸ್ಪತ್ರೆ ಸೇರಬೇಕಾಯಿತು? ಎಷ್ಟು ಮಂದಿ ಅರ್ಧಕ್ಕೇ ಚಿಕಿತ್ಸೆ ಬಿಟ್ಟರು? ಈ ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ ಸಿಕ್ಕೀತೇ ಹೊರತು ಬರೆದಿಟ್ಟ ಲೆಕ್ಕ ಸಿಗುವುದು ದುರ್ಲಭ.

ಜಗತ್ತಿನ ಕೆಲವು ದೇಶಗಳು ಈ ಲೆಕ್ಕವನ್ನು ಇಡಲು ಕಲಿತಿವೆ. ಒಂದು ದೇಶದ ಚಿಕಿತ್ಸೆಯನ್ನು ಇನ್ನೊಂದರೊಡನೆ ಹೋಲಿಸುವ ಪ್ರಯತ್ನಗಳೂ ನಡೆದಿವೆ. ಆ ಪ್ರಯತ್ನಗಳಿಂದ ನಾವು ಕಲಿಯಬೇಕಾದದ್ದು ಏನು, ಅವುಗಳ ಅಳತೆಗೋಲು ನಮ್ಮ ಭಾಗದ ರೈತನಿಗೆ ಎಲ್ಲಿ ಹೊಂದುವುದಿಲ್ಲ, ನಮ್ಮದೇ ಆದ ಲೆಕ್ಕ ಹೇಗಿರಬೇಕು ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಸಣ್ಣ ಗ್ರಂಥಿ, ನಿಧಾನದ ರೋಗ

ಪ್ರಾಸ್ಟೇಟ್ ಪುರುಷರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ಬೆಟ್ಟದ ನೆಲ್ಲಿಕಾಯಿಯಷ್ಟು ಗಾತ್ರದಲ್ಲಿ ಇರುತ್ತದೆ. ವಯಸ್ಸಾದಂತೆ ಅದು ಹಿಗ್ಗಿ ಮೂತ್ರದ ಹಾದಿಯನ್ನು ಒತ್ತುವುದು ಬಹುಮಂದಿಯಲ್ಲಿ ಕಾಣುವ ಸಂಗತಿ. ರಾತ್ರಿ ನಾಲ್ಕೈದು ಬಾರಿ ಏಳುವುದು, ಮೂತ್ರದ ಧಾರೆ ಸಣ್ಣದಾಗುವುದು, ಮುಗಿದರೂ ಮುಗಿಯದಂತೆನಿಸುವುದು ಇದರ ಲಕ್ಷಣಗಳು. ಇಂತಹ ಹಿಗ್ಗುವಿಕೆ ಹೆಚ್ಚಿನವರಲ್ಲಿ ಕ್ಯಾನ್ಸರ್ ಆಗಿರುವುದಿಲ್ಲ. ಕ್ಯಾನ್ಸರ್ ಆಗಿದ್ದಾಗ ಅದು ಆರಂಭದಲ್ಲಿ ಯಾವ ಸೂಚನೆಯನ್ನೂ ಕೊಡದೆ ಇರಬಹುದು. ಪಿ.ಎಸ್.ಎ. ಎಂಬ ರಕ್ತಪರೀಕ್ಷೆ, ವೈದ್ಯರ ಬೆರಳಿನ ಪರೀಕ್ಷೆ, ಎಂ.ಆರ್.ಐ. ಮತ್ತು ಬಯಾಪ್ಸಿಗಳಿಂದ ರೋಗ ನಿಶ್ಚಯವಾಗುತ್ತದೆ.

ಈ ರೋಗದ ಸ್ವಭಾವ ಎಲ್ಲರಲ್ಲಿಯೂ ಒಂದೇ ಅಲ್ಲ. ಕೆಲವರಲ್ಲಿ ಅದು ಹತ್ತಾರು ವರ್ಷ ಗ್ರಂಥಿಯೊಳಗೇ ಸುಮ್ಮನಿದ್ದು, ರೋಗಿಯು ಬೇರೊಂದು ಕಾರಣದಿಂದ ಲಿಂಗೈಕ್ಯನಾಗುವವರೆಗೂ ತೊಂದರೆ ಕೊಡುವುದಿಲ್ಲ. ಇನ್ನು ಕೆಲವರಲ್ಲಿ ಬೇಗನೆ ಬೆನ್ನುಮೂಳೆ, ಸೊಂಟದ ಮೂಳೆಗಳಿಗೆ ಹರಡುತ್ತದೆ. ಆದ್ದರಿಂದ ಮೊದಲನೆಯವರಿಗೆ ಅನಗತ್ಯ ಚಿಕಿತ್ಸೆ ಮಾಡದಿರುವುದೂ ಎರಡನೆಯವರಿಗೆ ತಡಮಾಡದಿರುವುದೂ ಉತ್ತಮ ವೈದ್ಯಕೀಯದ ಎರಡು ಮುಖಗಳು.

ಈ ಮಾತಿಗೆ ಗಟ್ಟಿಯಾದ ಆಧಾರವಿದೆ. ಬ್ರಿಟನ್ನಿನ ‘ಪ್ರೊಟೆಕ್ಟ್’ ಎಂಬ ಅಧ್ಯಯನದಲ್ಲಿ ರೋಗವು ಗ್ರಂಥಿಯೊಳಗೇ ಉಳಿದಿದ್ದ 1,643 ಪುರುಷರನ್ನು ಮೂರು ಗುಂಪುಗಳಾಗಿ ಮಾಡಲಾಯಿತು. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ, ಮತ್ತೊಂದಕ್ಕೆ ಕೂಡಲೇ ಚಿಕಿತ್ಸೆ ಮಾಡದೆ ನಿಗಾ ಇಡುವ ಕ್ರಮ. 15 ವರ್ಷಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಮೂರೂ ಗುಂಪುಗಳಲ್ಲಿ ಈ ಕ್ಯಾನ್ಸರಿನಿಂದ ತೀರಿಕೊಂಡವರು ಶೇಕಡಾ 3ರ ಆಸುಪಾಸಿನಲ್ಲೇ ಇದ್ದರು. ಸಾವಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದ ಈ ಗುಂಪುಗಳು ಬದುಕಿನ ಲೆಕ್ಕದಲ್ಲಿ ಒಂದೇ ಆಗಿರಲಿಲ್ಲ. ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಮೂತ್ರ ಸೋರಿಕೆಯೂ ದಾಂಪತ್ಯ ಶಕ್ತಿಯ ಕುಂದೂ ಹೆಚ್ಚಾಗಿ ಕಂಡುಬಂದರೆ, ವಿಕಿರಣ ಪಡೆದವರಲ್ಲಿ ಕರುಳಿನ ತೊಂದರೆ ಕಂಡುಬಂತು. ಸಾವನ್ನು ಮಾತ್ರ ಎಣಿಸಿದ್ದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ದೇಶ ದೇಶಗಳ ಹೋಲಿಕೆಯಲ್ಲಿ ಅಡಗಿರುವ ಮೋಸ

ಇಷ್ಟಿದ್ದರೂ ದೇಶಗಳ ನಡುವಿನ ಹೋಲಿಕೆ ಬಂದಾಗ ಎಲ್ಲರೂ ಮೊದಲು ಹಿಡಿಯುವುದು ‘ಐದು ವರ್ಷ ಬದುಕುಳಿದವರು ಎಷ್ಟು ಮಂದಿ’ ಎಂಬ ಒಂದೇ ಅಂಕಿಯನ್ನು. 2007ರಲ್ಲಿ ಅಮೆರಿಕದ ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಲು ಹೊರಟಿದ್ದ ರೂಡಿ ಜೂಲಿಯಾನಿ ಅವರು, ಸ್ವತಃ ಈ ರೋಗದಿಂದ ಗುಣಮುಖರಾಗಿದ್ದವರು, ಒಂದು ಹೇಳಿಕೆ ನೀಡಿದರು. ಅಮೆರಿಕದಲ್ಲಿ ಈ ರೋಗದಿಂದ ಬದುಕುಳಿಯುವ ಸಾಧ್ಯತೆ ಶೇಕಡಾ 82, ಇಂಗ್ಲೆಂಡಿನಲ್ಲಿ ಕೇವಲ 44 ಎಂಬುದು ಆ ಹೇಳಿಕೆಯ ಸಾರ. ಸರ್ಕಾರಿ ವೈದ್ಯಕೀಯವೇ ಕೀಳೆಂದು ತೋರಿಸಲು ಅವರು ಅದನ್ನು ಬಳಸಿದರು. ಸಂಖ್ಯಾಶಾಸ್ತ್ರಜ್ಞರು ಕೂಡಲೇ ಒಂದು ವಿಷಯವನ್ನು ಎತ್ತಿ ತೋರಿಸಿದರು: ಲಕ್ಷ ಪುರುಷರಲ್ಲಿ ಪ್ರತಿವರ್ಷ ಈ ರೋಗದಿಂದ ಸಾಯುವವರ ಸಂಖ್ಯೆ ಎರಡೂ ದೇಶಗಳಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು.

ಇದು ಹೇಗೆ ಸಾಧ್ಯ? ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಮದ್ದೂರಿನ ಒಬ್ಬ ಹಿರಿಯರು, ಮಳವಳ್ಳಿಯ ಒಬ್ಬ ಹಿರಿಯರು. ಇಬ್ಬರದೂ ಒಂದೇ ವಯಸ್ಸು, ಒಂದೇ ಬಗೆಯ ರೋಗ. ಮದ್ದೂರಿನವರಿಗೆ ಮಗನ ಒತ್ತಾಯದಿಂದ 66ನೆಯ ವಯಸ್ಸಿನಲ್ಲಿ ರಕ್ತಪರೀಕ್ಷೆಯಾಗಿ ರೋಗ ಪತ್ತೆಯಾಯಿತು. ಮಳವಳ್ಳಿಯವರಿಗೆ 72ನೆಯ ವಯಸ್ಸಿನಲ್ಲಿ ಸೊಂಟನೋವು ಬಂದಾಗ ಪತ್ತೆಯಾಯಿತು. ಇಬ್ಬರೂ 75ನೆಯ ವಯಸ್ಸಿನಲ್ಲಿ ಇದೇ ರೋಗದಿಂದ ತೀರಿಕೊಂಡರು ಎಂದಿಟ್ಟುಕೊಳ್ಳಿ. ಐದು ವರ್ಷದ ಲೆಕ್ಕದಲ್ಲಿ ಮದ್ದೂರಿನವರು ‘ಬದುಕುಳಿದವರು’, ಮಳವಳ್ಳಿಯವರು ‘ಉಳಿಯದವರು’. ಆದರೆ ಇಬ್ಬರ ಆಯುಷ್ಯವೂ ಒಂದೇ. ಮೊದಲನೆಯವರು ರೋಗವನ್ನು ತಿಳಿದು ಬದುಕಿದ ಅವಧಿ ಉದ್ದವಾಯಿತು, ಅಷ್ಟೇ. ಯಾವ ದೇಶದಲ್ಲಿ ರಕ್ತಪರೀಕ್ಷೆ ಹೆಚ್ಚು ನಡೆಯುತ್ತದೆಯೋ ಆ ದೇಶದ ಬದುಕುಳಿಯುವಿಕೆಯ ಅಂಕಿ ಚಿಕಿತ್ಸೆ ಸುಧಾರಿಸದಿದ್ದರೂ ಮೇಲೇರುತ್ತದೆ. ಎಂದೂ ತೊಂದರೆ ಕೊಡದಂತಹ ಸುಮ್ಮನಿರುವ ಕ್ಯಾನ್ಸರುಗಳೂ ಆ ಲೆಕ್ಕದೊಳಗೆ ಸೇರಿ ಅಂಕಿಯನ್ನು ಇನ್ನಷ್ಟು ಉಬ್ಬಿಸುತ್ತವೆ.

ಇದನ್ನು ಓದಿ ಬೇಗ ಪತ್ತೆಹಚ್ಚುವುದು ವ್ಯರ್ಥವೆಂದು ಯಾರೂ ತಿಳಿಯಬಾರದು. ವೇಗವಾಗಿ ಬೆಳೆಯುವ ರೋಗವನ್ನು ಗ್ರಂಥಿಯೊಳಗಿರುವಾಗಲೇ ಹಿಡಿದು ಚಿಕಿತ್ಸೆ ಮಾಡಿದರೆ ನಿಜವಾಗಿಯೂ ಪ್ರಾಣ ಉಳಿಯುತ್ತದೆ. ಇಲ್ಲಿ ಹೇಳುತ್ತಿರುವುದು ಅಂಕಿಯ ವಿಷಯ ಮಾತ್ರ: ಆ ಒಂದೇ ಅಂಕಿಯನ್ನು ಹಿಡಿದು ಯಾವ ದೇಶದ ಚಿಕಿತ್ಸೆ ಮೇಲು, ಯಾವುದು ಕೀಳು ಎಂದು ತೀರ್ಪು ಕೊಡಲಾಗದು.

ಭಾರತದ ಅಂಕಿಗಳನ್ನೂ ಇದೇ ಎಚ್ಚರದಿಂದ ನೋಡಬೇಕು. 2020ರ ಅಂತಾರಾಷ್ಟ್ರೀಯ ಅಂದಾಜಿನಂತೆ ಜಗತ್ತಿನಲ್ಲಿ ಆ ವರ್ಷ ಸುಮಾರು 14 ಲಕ್ಷ ಪುರುಷರಲ್ಲಿ ಈ ರೋಗ ಪತ್ತೆಯಾಯಿತು. ಸುಮಾರು 3,75,000 ಮಂದಿ ತೀರಿಕೊಂಡರು. ಭಾರತದಲ್ಲಿ ಪತ್ತೆಯಾದವರು ಸುಮಾರು 34,500, ತೀರಿಕೊಂಡವರು ಸುಮಾರು 16,800. ಅಂದರೆ ಜಗತ್ತಿನಲ್ಲಿ ನಾಲ್ವರು ಹೊಸ ರೋಗಿಗಳಿಗೆ ಸರಿಸುಮಾರು ಒಂದು ಸಾವು, ನಮ್ಮಲ್ಲಿ ಇಬ್ಬರಿಗೆ ಒಂದು ಸಾವು. ನಮ್ಮ ವೈದ್ಯರ ಕೈಗುಣ ಕಡಿಮೆ ಎಂಬುದಕ್ಕೆ ಇದು ಸಾಕ್ಷಿಯಾಗದು. ರೋಗಿಯು ಆಸ್ಪತ್ರೆಗೆ ಬರುವ ಹೊತ್ತಿಗೆ ರೋಗ ಎಷ್ಟು ಮುಂದುವರಿದಿರುತ್ತದೆ, ಎಷ್ಟು ಮಂದಿಯ ರೋಗ ಪತ್ತೆಯೇ ಆಗದೆ ಉಳಿಯುತ್ತದೆ ಎಂಬುದೂ ಈ ಅನುಪಾತದಲ್ಲಿ ಸೇರಿಕೊಂಡಿದೆ. 2020ರಲ್ಲಿ 14 ಲಕ್ಷವಿದ್ದ ವಾರ್ಷಿಕ ಹೊಸ ರೋಗಿಗಳ ಸಂಖ್ಯೆ 2040ರ ಹೊತ್ತಿಗೆ 29 ಲಕ್ಷವಾಗಬಹುದೆಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ಎಚ್ಚರಿಸಿದೆ. ಜನರ ಆಯುಸ್ಸು ಹೆಚ್ಚುತ್ತಿರುವ ನಮ್ಮಂತಹ ದೇಶಗಳಲ್ಲಿ ಈ ಏರಿಕೆಯ ಭಾರ ಹೆಚ್ಚು ಬೀಳಲಿದೆ.

ಅಳೆದವರು ಕಂಡದ್ದು

ಹಾಗಾದರೆ ಸರಿಯಾಗಿ ಅಳೆಯುವುದು ಹೇಗೆ? ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಡೇರಿಗೆ ಹಾಲು ಹಾಕುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಊರಿನ ಸಂಘದಲ್ಲಿ ಎಷ್ಟು ಲೀಟರು ಎಂಬುದರ ಜೊತೆಗೆ ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಎಂದು ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಲೀಟರಿನ ಲೆಕ್ಕ ಮಾತ್ರ ಇದ್ದಿದ್ದರೆ ಗಟ್ಟಿ ಹಾಲಿಗೂ ನೀರು ಹಾಲಿಗೂ ಒಂದೇ ಬೆಲೆಯಾಗುತ್ತಿತ್ತು. ಆಸ್ಪತ್ರೆಗಳು ‘ಇಷ್ಟು ಸಾವಿರ ಶಸ್ತ್ರಚಿಕಿತ್ಸೆ ಮಾಡಿದ್ದೇವೆ’ ಎಂದು ಹೇಳಿಕೊಳ್ಳುವುದು ಲೀಟರಿನ ಲೆಕ್ಕ.

ಸ್ವೀಡನ್ ದೇಶವು 1998ರಿಂದ ಇಡೀ ದೇಶದ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ನೋಂದಣಿ ಇಟ್ಟಿದೆ. ಆ ಪುಸ್ತಕ ತೆರೆದಾಗ ಒಂದು ಸಂಗತಿ ಕಂಡಿತು. ರೋಗ ಹರಡಿರುವ ಸಾಧ್ಯತೆಯೇ ಬಹಳ ಕಡಿಮೆಯಿದ್ದವರಲ್ಲಿಯೂ ಶೇಕಡಾ 45 ಮಂದಿಗೆ ಮೂಳೆಯ ಸ್ಕ್ಯಾನ್ ಮಾಡಲಾಗುತ್ತಿತ್ತು. ಪ್ರತಿ ಪ್ರದೇಶದ ವೈದ್ಯರಿಗೂ ಅವರವರ ಅಂಕಿಯನ್ನು ತೋರಿಸಿ, ಇತರರ ಅಂಕಿಯೊಡನೆ ಹೋಲಿಸಿ, ಮಾರ್ಗಸೂಚಿಯನ್ನು ನೆನಪಿಸುತ್ತ ಬರಲಾಯಿತು. 2009ರ ಹೊತ್ತಿಗೆ ಅದು ಶೇಕಡಾ 3ಕ್ಕೆ ಇಳಿಯಿತು. ಹೊಸ ಔಷಧವಾಗಲಿ ಹೊಸ ಯಂತ್ರವಾಗಲಿ ಇದಕ್ಕೆ ಬೇಕಾಗಲಿಲ್ಲ. ತಮ್ಮ ಕೆಲಸದ ಲೆಕ್ಕ ತಮಗೇ ಕಂಡದ್ದರಿಂದ ವೈದ್ಯರು ತಿದ್ದಿಕೊಂಡರು.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2013ರಿಂದ ರಾಷ್ಟ್ರೀಯ ಲೆಕ್ಕಪರಿಶೋಧನೆಯೊಂದು ನಡೆಯುತ್ತಿದೆ. ರೋಗ ಪತ್ತೆಯಾದಾಗಲೇ ಹರಡಿದ್ದವರು ಎಷ್ಟು ಮಂದಿ, ಕಡಿಮೆ ಅಪಾಯದ ರೋಗಕ್ಕೆ ಅನಗತ್ಯವಾಗಿ ಚಿಕಿತ್ಸೆ ಪಡೆದವರು ಎಷ್ಟು ಮಂದಿ, ಶಸ್ತ್ರಚಿಕಿತ್ಸೆಯ ನಂತರ ತುರ್ತಾಗಿ ಮರಳಿ ಆಸ್ಪತ್ರೆ ಸೇರಿದವರು ಎಷ್ಟು ಮಂದಿ, ಮೂತ್ರದ ಇಲ್ಲವೇ ಕರುಳಿನ ತೀವ್ರ ತೊಂದರೆಗೆ ಒಳಗಾದವರು ಎಷ್ಟು ಮಂದಿ ಎಂಬ ಲೆಕ್ಕ ಅದರಲ್ಲಿರುತ್ತದೆ. ಆಸ್ಪತ್ರೆಗಳ ಹೆಸರಿನೊಂದಿಗೇ ಅದು ಸಾರ್ವಜನಿಕರ ಮುಂದೆ ಬರುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2009ರಲ್ಲಿ ಆರಂಭವಾದ ನೋಂದಣಿಯು ಮುಂದೆ ಆ ದೇಶಕ್ಕೂ ನ್ಯೂಜಿಲೆಂಡಿಗೂ ಹಬ್ಬಿತು. ಅಲ್ಲಿ ಚಿಕಿತ್ಸೆಯ ಬಳಿಕ ರೋಗಿಯನ್ನೇ ಸಂಪರ್ಕಿಸಿ ಯೋಗಕ್ಷೇಮ ಕೇಳುತ್ತಾರೆ. ಪುರುಷರ ಆರೋಗ್ಯಕ್ಕಾಗಿ ದುಡಿಯುವ ‘ಮೂವೆಂಬರ್’ ಎಂಬ ದತ್ತಿಸಂಸ್ಥೆಯು ಇದೇ ಮಾದರಿಯನ್ನು ಹತ್ತಕ್ಕೂ ಹೆಚ್ಚು ದೇಶಗಳ ಆಸ್ಪತ್ರೆಗಳಿಗೆ ವಿಸ್ತರಿಸಿ, ಎಲ್ಲರೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುವಂತೆ ಮಾಡಿತು.

ರೋಗಿಯನ್ನೇ ಕೇಳುವ ಕ್ರಮ

ದಾಸೋಹದ ಪಂಕ್ತಿಯಲ್ಲಿ ಎಷ್ಟು ಎಲೆ ಹಾಕಲಾಯಿತು ಎಂದು ಎಣಿಸುವವರು ಒಬ್ಬರಿದ್ದರೆ, ಪ್ರತಿಯೊಬ್ಬರ ಬಳಿಗೂ ಹೋಗಿ ‘ಸಾಕೇ, ಇನ್ನೂ ಬೇಕೇ’ ಎಂದು ಕೇಳುವವರು ಇನ್ನೊಬ್ಬರು ಇರುತ್ತಾರೆ. ಉಂಡವರ ತೃಪ್ತಿ ತಿಳಿಯುವುದು ಎರಡನೆಯವರಿಗೆ. ಚಿಕಿತ್ಸೆಯ ವಿಷಯದಲ್ಲಿ ಈ ಕೇಳುವ ಕೆಲಸಕ್ಕಾಗಿ ರೂಪುಗೊಂಡ ಪ್ರಶ್ನಾವಳಿಗಳಲ್ಲಿ ‘ಎಪಿಕ್-26’ ಪ್ರಮುಖವಾದದ್ದು. ಅದರಲ್ಲಿ 26 ಪ್ರಶ್ನೆಗಳಿವೆ: ಮೂತ್ರ ಸೋರಿಕೆ, ಮೂತ್ರದ ಉರಿ ಮತ್ತು ಅಡಚಣೆ, ಕರುಳಿನ ತೊಂದರೆ, ದಾಂಪತ್ಯ ಜೀವನ, ಹಾರ್ಮೋನು ಚಿಕಿತ್ಸೆಯಿಂದಾಗುವ ಆಯಾಸ ಮತ್ತು ಬಿಸಿಯೇರುವಿಕೆ. ಚಿಕಿತ್ಸೆಗೆ ಮುನ್ನ ಒಮ್ಮೆ, ನಂತರ ನಿಗದಿತ ಅವಧಿಗಳಲ್ಲಿ ಮತ್ತೆ ಕೇಳಿದರೆ ಚಿಕಿತ್ಸೆಯು ರೋಗಿಯಿಂದ ಏನನ್ನು ಕಿತ್ತುಕೊಂಡಿತು, ಏನನ್ನು ಉಳಿಸಿತು ಎಂಬುದು ಅಂಕಿಯಲ್ಲಿ ಕಾಣುತ್ತದೆ.

ಇಲ್ಲಿಯೇ ನಮ್ಮ ಭಾಗಕ್ಕೆ ಸಂಬಂಧಿಸಿದ ತೊಡಕು ಎದುರಾಗುತ್ತದೆ. ಆ ಪ್ರಶ್ನಾವಳಿಯ ಒಂದು ಪ್ರಶ್ನೆ ಹೀಗಿದೆ: ಕಳೆದ ನಾಲ್ಕು ವಾರಗಳಲ್ಲಿ ಸೋರಿಕೆಗಾಗಿ ದಿನಕ್ಕೆ ಎಷ್ಟು ಪ್ಯಾಡ್ ಅಥವಾ ಡಯಾಪರ್ ಬಳಸಿದಿರಿ? ಮೆಲ್ಬರ್ನಿನ ನಿವೃತ್ತ ಗುಮಾಸ್ತನಿಗೆ ಇದು ಸಹಜವಾದ ಪ್ರಶ್ನೆ. ಮಳವಳ್ಳಿ ತಾಲ್ಲೂಕಿನ ಹಳ್ಳಿಯ ರೈತನು ಪ್ಯಾಡ್ ಕೊಳ್ಳುವವನಲ್ಲ. ಹಳೆಯ ಪಂಚೆಯನ್ನು ಮಡಿಸಿ ಇಟ್ಟುಕೊಳ್ಳುತ್ತಾನೆ, ದಿನಕ್ಕೆ ಮೂರು ಬಾರಿ ಒಗೆದು ಹಿತ್ತಲಿನಲ್ಲಿ ಒಣಗಿಸುತ್ತಾನೆ. ಪ್ರಶ್ನೆಗೆ ಅವನ ಪ್ರಾಮಾಣಿಕ ಉತ್ತರ ‘ಒಂದೂ ಇಲ್ಲ’. ಲೆಕ್ಕದಲ್ಲಿ ಅವನು ಸಂಪೂರ್ಣ ಗುಣವಾದವನಂತೆ ದಾಖಲಾಗುತ್ತಾನೆ. ಅತ್ಯಂತ ಕಷ್ಟದಲ್ಲಿರುವವನ ಅಂಕಿಯೇ ಅತ್ಯಂತ ಚೆನ್ನಾಗಿ ಕಾಣುವ ಈ ವಿಪರ್ಯಾಸವನ್ನು ಬರಿಯ ಭಾಷಾಂತರ ಸರಿಪಡಿಸಲಾರದು. ‘ಬಟ್ಟೆ ಎಷ್ಟು ಸಲ ಬದಲಿಸುತ್ತೀರಿ? ಮದುವೆಮನೆಗೆ, ಜಾತ್ರೆಗೆ, ಮಠಕ್ಕೆ ಹೋಗುವುದನ್ನು ಬಿಟ್ಟಿದ್ದೀರಾ? ಬಸ್ಸಿನಲ್ಲಿ ಕೂರಲು ಅಂಜುತ್ತೀರಾ?’ ಎಂಬಂತಹ ನಮ್ಮ ಜೀವನದ ಪ್ರಶ್ನೆಗಳು ಅಲ್ಲಿ ಇರಬೇಕು.

ಕೇಳುವ ಸ್ಥಳವೂ ಮುಖ್ಯ. ನಮ್ಮಲ್ಲಿ ಹಿರಿಯರನ್ನು ಆಸ್ಪತ್ರೆಗೆ ಕರೆತರುವವರು ಮಗ, ಅಳಿಯ ಅಥವಾ ಮೊಮ್ಮಗ. ವೈದ್ಯರ ಪ್ರಶ್ನೆಗೆ ಉತ್ತರಿಸುವವರೂ ಅವರೇ. ಮಗನ ಎದುರಿನಲ್ಲಿ ಯಾವ ತಂದೆಯೂ ತನ್ನ ಒಳಉಡುಪು ಒದ್ದೆಯಾಗುವುದನ್ನಾಗಲಿ ದಾಂಪತ್ಯದ ವಿಷಯವನ್ನಾಗಲಿ ಹೇಳಿಕೊಳ್ಳಲಾರ. ಮಗನನ್ನು ಹೊರಗೆ ಕೂರಿಸಿ, ಗಂಡಸು ಸಿಬ್ಬಂದಿಯೊಬ್ಬರು ಪಕ್ಕದಲ್ಲಿ ಕುಳಿತು, ಓದು ಬಾರದವರಿಗೆ ಓದಿ ಹೇಳಿ, ನಮ್ಮ ಕಡೆಯ ಆಡುಮಾತಿನಲ್ಲಿಯೇ ಕೇಳಿದರೆ ನಿಜವಾದ ಉತ್ತರ ಬರುತ್ತದೆ. ಇದಕ್ಕೆ ಹತ್ತು ನಿಮಿಷವೂ ಒಂದು ಖಾಲಿ ಕೋಣೆಯೂ ಸಾಕು.

ನಮ್ಮ ಭಾಗದ ಲೆಕ್ಕ

ಕ್ಯಾನ್ಸರ್ ಎಣಿಕೆಯಲ್ಲಿ ಕರ್ನಾಟಕಕ್ಕೆ ಗೌರವದ ಸ್ಥಾನವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿದಾಗ ಆಯ್ಕೆಯಾದ ಮೊದಲ ನಗರಗಳಲ್ಲಿ ಬೆಂಗಳೂರೂ ಒಂದು. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1982ರಿಂದ ಆ ನಗರದ ನೋಂದಣಿಯನ್ನು ನಡೆಸುತ್ತ ಬಂದಿದೆ. ಇಡೀ ದೇಶದ ನೋಂದಣಿಗಳನ್ನು ಒಗ್ಗೂಡಿಸುವ ರಾಷ್ಟ್ರೀಯ ಕೇಂದ್ರವಿರುವುದೂ ಬೆಂಗಳೂರಿನಲ್ಲೇ. ಆದರೆ ಬೆಂಗಳೂರಿನ ಜನಸಂಖ್ಯಾ ನೋಂದಣಿ ಎಣಿಸುವುದು ಅಲ್ಲಿನ ನಿವಾಸಿಗಳನ್ನು. ಮದ್ದೂರಿನ ರೋಗಿಯು ಬೆಂಗಳೂರಿನ ಆಸ್ಪತ್ರೆಯಲ್ಲೇ ಮಲಗಿದ್ದರೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಆಸ್ಪತ್ರೆಯ ದಾಖಲೆಯಲ್ಲಿ ಮಾತ್ರ ಅವನ ಹೆಸರಿರುತ್ತದೆ. ಯಾರಿಗೆ, ಎಲ್ಲಿ, ಯಾವ ಕ್ಯಾನ್ಸರ್ ಬಂತು ಎಂಬುದನ್ನು ತಿಳಿಯುವುದೇ ನೋಂದಣಿಯ ಮುಖ್ಯ ಕೆಲಸ. ಚಿಕಿತ್ಸೆಯ ನಂತರ ಮನೆಗೆ ಮರಳಿದವನು ಹೇಗೆ ಬದುಕುತ್ತಿದ್ದಾನೆ ಎಂದು ಕೇಳಲು ಬೇರೆಯೇ ಏರ್ಪಾಡು ಬೇಕು.

ಹಣದ ಲೆಕ್ಕ ನಮ್ಮಲ್ಲಿ ಸುಧಾರಿಸಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸಾ ನೆರವಿದೆ. ಯೋಜನೆಯು ಆಸ್ಪತ್ರೆಗೆ ಹಣ ಕೊಡುವುದು ಚಿಕಿತ್ಸೆಯ ಪ್ಯಾಕೇಜಿನ ಲೆಕ್ಕದಲ್ಲಿ. ಅದೇ ಹಣದ ಜೊತೆಗೆ ಫಲಿತಾಂಶದ ನಾಲ್ಕು ಸಾಲು ಬರೆದು ಕಳುಹಿಸಬೇಕೆಂಬ ನಿಯಮವನ್ನೂ ಸೇರಿಸಿದರೆ ರಾಜ್ಯಕ್ಕೆ ಬೇಕಾದ ನೋಂದಣಿಯ ಅರ್ಧ ಕೆಲಸ ಮುಗಿದಂತೆ.

ನಮ್ಮ ಭಾಗಕ್ಕೆ ಮುಖ್ಯವಾದ ಕೆಲವು ಅಳತೆಗಳು ಹೊರದೇಶದ ಪಟ್ಟಿಗಳಲ್ಲಿ ಮೇಲಿನ ಸಾಲಿನಲ್ಲಿ ಬರುವುದಿಲ್ಲ. ಪ್ರಯಾಣ ಅವುಗಳಲ್ಲಿ ಒಂದು. ಜನರು ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಗಾಗಿ ಮಂಡ್ಯ ಜಿಲ್ಲೆಯ ಅನೇಕ ಕುಟುಂಬಗಳು ಮೈಸೂರು ಅಥವಾ ಬೆಂಗಳೂರಿನ ದಾರಿ ಹಿಡಿಯುತ್ತವೆ. ಬ್ರಿಟನ್ನಿನ ನೇತೃತ್ವದಲ್ಲಿ 3,200ಕ್ಕೂ ಹೆಚ್ಚು ಪುರುಷರನ್ನು ಒಳಗೊಂಡ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. 37 ದಿನಗಳಲ್ಲಿ ಕೊಡುತ್ತಿದ್ದ ವಿಕಿರಣವನ್ನು ಸೂಕ್ತವಾಗಿ ಹೊಂದಿಸಿ 20 ದಿನಗಳಲ್ಲಿ ಕೊಟ್ಟರೂ ಫಲಿತಾಂಶ ಕಡಿಮೆಯಾಗುವುದಿಲ್ಲ ಎಂದು ಅದು ತೋರಿಸಿತು. ಮಳವಳ್ಳಿಯಿಂದ ಮೈಸೂರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಹಿರಿಯರಿಗೂ ಅವರ ಜೊತೆ ಕೂಲಿ ಬಿಟ್ಟು ಬರುವ ಮಗನಿಗೂ ಆ 17 ದಿನಗಳ ಬೆಲೆ ತಿಳಿದಿದೆ. ಯಾವ ಆಸ್ಪತ್ರೆಯು ಅರ್ಹ ರೋಗಿಗಳಿಗೆ ಈ ಅಲ್ಪಾವಧಿ ಕ್ರಮವನ್ನು ಕೊಡುತ್ತಿದೆ ಎಂಬುದೂ ಗುಣಮಟ್ಟದ ಒಂದು ಅಳತೆ.

ಹರಡಿದ ರೋಗದ ಚಿಕಿತ್ಸೆ ಇನ್ನೊಂದು ಉದಾಹರಣೆ. ಪುರುಷ ಹಾರ್ಮೋನನ್ನು ತಗ್ಗಿಸಲು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಚುಚ್ಚುಮದ್ದು ಕೊಡುವುದು ಒಂದು ದಾರಿ. ವೃಷಣಗಳನ್ನು ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆ ಇನ್ನೊಂದು. ಹಾರ್ಮೋನು ತಗ್ಗಿಸುವುದರಲ್ಲಿ ಎರಡೂ ಸಮಾನ. ಶ್ರೀಮಂತ ದೇಶಗಳಲ್ಲಿ ಶಸ್ತ್ರಚಿಕಿತ್ಸೆ ವಿರಳವಾಗಿರುವುದರಿಂದ ಅದನ್ನು ಹಳೆಯ ಕಾಲದ್ದೆಂದು ಕಾಣುವವರಿದ್ದಾರೆ. ಆದರೆ ಗದ್ದೆಗೆ ನೀರು ಬಂದ ವಾರ ಚುಚ್ಚುಮದ್ದನ್ನು ಮುಂದೂಡುವ, ಹಣವಿಲ್ಲದ ತಿಂಗಳು ಬಿಟ್ಟೇಬಿಡುವ ರೋಗಿಗೆ ಒಮ್ಮೆ ಮಾಡಿ ಮುಗಿಯುವ ಶಸ್ತ್ರಚಿಕಿತ್ಸೆಯೇ ಉತ್ತಮವಾಗಬಹುದು. ಎರಡೂ ದಾರಿಗಳನ್ನು ವಿವರಿಸಲಾಯಿತೇ, ರೋಗಿಯೇ ಒಪ್ಪಿ ಆರಿಸಿಕೊಂಡನೇ, ಚುಚ್ಚುಮದ್ದು ಆರಿಸಿಕೊಂಡವರಲ್ಲಿ ಎಷ್ಟು ಮಂದಿ ತಪ್ಪದೆ ಪಡೆದರು ಎಂಬುವು ಇಲ್ಲಿ ಕೇಳಬೇಕಾದ ಪ್ರಶ್ನೆಗಳು.

ಬರಬಹುದಾದ ಆಕ್ಷೇಪಗಳು

ಇಂತಹ ಲೆಕ್ಕವನ್ನು ವಿರೋಧಿಸುವವರ ಮಾತಿನಲ್ಲಿಯೂ ಹುರುಳಿದೆ. ಬಡವರನ್ನು, ರೋಗ ಮುಂದುವರಿದವರನ್ನು ಹೆಚ್ಚಾಗಿ ನೋಡುವ ಸರ್ಕಾರಿ ಆಸ್ಪತ್ರೆಯ ಅಂಕಿ ಕೆಟ್ಟದಾಗಿ ಕಾಣುತ್ತದೆ; ಆರೋಗ್ಯವಂತರನ್ನು ಆರಿಸಿ ಸೇರಿಸಿಕೊಳ್ಳುವ ಆಸ್ಪತ್ರೆಯ ಅಂಕಿ ಹೊಳೆಯುತ್ತದೆ. ಕ್ರಮೇಣ ಕಷ್ಟದ ರೋಗಿಗಳನ್ನು ಮುಟ್ಟಲು ವೈದ್ಯರು ಹಿಂಜರಿಯಬಹುದು. ಈ ಆಕ್ಷೇಪ ನ್ಯಾಯವಾದದ್ದು. ರೋಗಿಯ ವಯಸ್ಸು, ರೋಗದ ಹಂತ, ಸಕ್ಕರೆ ಕಾಯಿಲೆ, ಹೃದ್ರೋಗ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡು ಸಮಾನರನ್ನು ಸಮಾನರೊಡನೆ ಹೋಲಿಸುವ ವಿಧಾನ ಸಂಖ್ಯಾಶಾಸ್ತ್ರದಲ್ಲಿ ಇದೆ. ಅದನ್ನು ಬಳಸದೆ ಯಾವ ಅಂಕಿಯನ್ನೂ ಪ್ರಕಟಿಸಬಾರದು.

ಸಣ್ಣ ಸಂಖ್ಯೆಯ ತೊಡಕು ಎರಡನೆಯದು. ವರ್ಷಕ್ಕೆ ಹತ್ತೇ ಶಸ್ತ್ರಚಿಕಿತ್ಸೆ ನಡೆಯುವಲ್ಲಿ ಒಬ್ಬರಿಗೆ ತೊಂದರೆಯಾದರೆ ಶೇಕಡಾ 10 ಎಂದು ಬರೆಯಬೇಕಾಗುತ್ತದೆ. ಅದು ಆಕಸ್ಮಿಕವೂ ಆಗಿರಬಹುದು. ಮೂರು ವರ್ಷಗಳ ಅಂಕಿಯನ್ನು ಕೂಡಿಸಿ ನೋಡುವುದು ಇದಕ್ಕೆ ಪರಿಹಾರ. ಜೊತೆಗೆ, ಮೊದಲ ಕೆಲವು ವರ್ಷ ಅಂಕಿಗಳನ್ನು ಆಯಾ ಆಸ್ಪತ್ರೆಗೆ ಮಾತ್ರ ತೋರಿಸಿ, ತಿದ್ದಿಕೊಳ್ಳಲು ಅವಕಾಶ ಕೊಟ್ಟು, ಬಳಿಕ ಜನರ ಮುಂದಿಡುವುದು ವಿವೇಕ.

ಮೂರನೆಯದು, ‘ಇದ್ದ ಕೆಲಸಕ್ಕೇ ಸಮಯವಿಲ್ಲ, ಬರೆಯುವವರು ಯಾರು?’ ಎಂಬುದು. ಹೊರರೋಗಿ ವಿಭಾಗದ ಮುಂದಿನ ಸಾಲನ್ನು ನೋಡಿದವರು ಈ ಮಾತನ್ನು ಹಗುರಾಗಿ ಕಾಣಲಾರರು. ಅದಕ್ಕಾಗಿಯೇ ನಮ್ಮ ಪಟ್ಟಿ ಚಿಕ್ಕದಾಗಿರಬೇಕು.

ಎಣಿಸಬೇಕಾದ ಐದು ಸಂಗತಿಗಳು

ಮಂಡ್ಯ ಜಿಲ್ಲೆಯ ರೋಗಿಗಳಿಗೆ ಚಿಕಿತ್ಸೆ ನೀಡುವ ಆಸ್ಪತ್ರೆ ಸರ್ಕಾರಿಯಾಗಿರಲಿ, ಖಾಸಗಿಯಾಗಿರಲಿ, ಧರ್ಮಸಂಸ್ಥೆಯದಾಗಿರಲಿ, ಈ ಐದನ್ನು ಬರೆದಿಡಬೇಕೆಂಬುದು ನನ್ನ ಅಭಿಪ್ರಾಯ. ಒಂದು, ರೋಗಿ ಬಂದಾಗ ರೋಗ ಯಾವ ಹಂತದಲ್ಲಿತ್ತು. ಎರಡು, ಮೂತ್ರದ ತೊಂದರೆ ಇಲ್ಲವೇ ಮೂಳೆನೋವಿಗೆ ಮೊದಲ ಬಾರಿ ವೈದ್ಯರನ್ನು ಕಂಡ ದಿನದಿಂದ ಚಿಕಿತ್ಸೆ ಆರಂಭವಾಗುವವರೆಗೆ ಎಷ್ಟು ದಿನ ಹಿಡಿಯಿತು. ಮೂರು, ಆರಂಭಿಸಿದ ಚಿಕಿತ್ಸೆಯನ್ನು ರೋಗಿ ಪೂರ್ಣಗೊಳಿಸಿದನೇ, ಇಲ್ಲವಾದರೆ ಏಕೆ. ನಾಲ್ಕು, ಮೂರು ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರಬೇಕಾಯಿತೇ. ಐದು, ಒಂದು ವರ್ಷದ ಬಳಿಕ ಮೂತ್ರ, ಮಲ, ದಾಂಪತ್ಯ, ನೋವು, ದಿನದ ಕೆಲಸ ಇವುಗಳ ಬಗ್ಗೆ ರೋಗಿ ಸ್ವತಃ ಏನು ಹೇಳುತ್ತಾನೆ.

ಇವುಗಳಲ್ಲಿ ಎರಡನೆಯದು ಹೆಚ್ಚು ಸಂಗತಿಗಳನ್ನು ಹೊರಗೆಡಹುತ್ತದೆ. ಊರಿನ ಔಷಧ ಅಂಗಡಿ, ನಾಟಿ ಔಷಧಿ, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ, ಮೈಸೂರು, ಬೆಂಗಳೂರು ಎಂದು ಸಾಗುವ ದಾರಿಯಲ್ಲಿ ಎಲ್ಲೆಲ್ಲಿ ತಿಂಗಳುಗಳು ಕಳೆದವು ಎಂಬುದು ತಿಳಿದರೆ ಎಲ್ಲಿ ತಿದ್ದಬೇಕು ಎಂಬುದೂ ತಿಳಿಯುತ್ತದೆ.

ಊರೂರುಗಳಲ್ಲಿ ನಡೆಯುವ ಆರೋಗ್ಯ ಶಿಬಿರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ‘ಇಷ್ಟು ನೂರು ಮಂದಿ ತಪಾಸಣೆಗೆ ಒಳಗಾದರು’ ಎಂಬಲ್ಲಿಗೆ ಶಿಬಿರದ ವರದಿ ಮುಗಿಯಬಾರದು. ಪಿ.ಎಸ್.ಎ. ಹೆಚ್ಚಿದ್ದವರಲ್ಲಿ ಎಷ್ಟು ಮಂದಿ ಮುಂದಿನ ಪರೀಕ್ಷೆಗೆ ಹೋದರು, ಅವರಲ್ಲಿ ಎಷ್ಟು ಮಂದಿಗೆ ರೋಗ ಇರಲಿಲ್ಲವೆಂದು ಖಚಿತವಾಯಿತು, ಉಳಿದವರು ಚಿಕಿತ್ಸೆ ಪಡೆದರೇ ಎಂಬುದನ್ನು ಆರು ತಿಂಗಳ ನಂತರ ವಿಚಾರಿಸದಿದ್ದರೆ ಆ ಶಿಬಿರ ಭಯವನ್ನು ಮಾತ್ರ ಹಂಚಿದಂತಾಗುತ್ತದೆ.

ಮನೆಯವರು ಮಾಡಬಹುದಾದದ್ದು

ಸರ್ಕಾರದ ನೋಂದಣಿಗಾಗಿ ಕಾಯದೆ ಪ್ರತಿ ಕುಟುಂಬವೂ ಇಂದೇ ಆರಂಭಿಸಬಹುದಾದ ಕೆಲಸಗಳಿವೆ. ಹಿರಿಯರ ಎಲ್ಲ ವರದಿಗಳನ್ನೂ ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿಡಿ, ಪಿ.ಎಸ್.ಎ. ಅಂಕಿಗಳನ್ನು ಮೊದಲ ಹಾಳೆಯಲ್ಲಿ ಬರೆದಿಡಿ. ಬಯಾಪ್ಸಿಯ ವರದಿಯಲ್ಲಿರುವ ‘ಗ್ಲೀಸನ್’ ಅಂಕವನ್ನು ಕೇಳಿ ತಿಳಿಯಿರಿ. ರೋಗ ನಿಧಾನದ್ದೋ ವೇಗದ್ದೋ ಎಂಬುದರ ಸೂಚನೆ ಅದರಲ್ಲಿದೆ. ಚಿಕಿತ್ಸೆಗೆ ಒಪ್ಪುವ ಮುನ್ನ ವೈದ್ಯರನ್ನು ವಿನಯದಿಂದ ಕೇಳಿ: ರೋಗ ಗ್ರಂಥಿಯೊಳಗೇ ಇದೆಯೇ? ನಿಗಾ ಇಟ್ಟು ಕಾಯಬಹುದೇ? ಶಸ್ತ್ರಚಿಕಿತ್ಸೆ ಮತ್ತು ವಿಕಿರಣಗಳಲ್ಲಿ ನಮ್ಮ ಹಿರಿಯರಿಗೆ ಯಾವುದು ಹೊಂದುತ್ತದೆ, ಏಕೆ? ನಿಮ್ಮಲ್ಲಿ ಈ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಬಳಿಕ ಮೂತ್ರದ ಹಿಡಿತ ಎಷ್ಟು ಮಂದಿಗೆ ಮರಳಿದೆ? ಈ ಕೊನೆಯ ಪ್ರಶ್ನೆಯನ್ನು ಹತ್ತು ಕುಟುಂಬಗಳು ಕೇಳಿದರೆ ಹನ್ನೊಂದನೆಯ ಕುಟುಂಬ ಬರುವ ಹೊತ್ತಿಗೆ ಆಸ್ಪತ್ರೆ ಉತ್ತರವನ್ನು ಹುಡುಕಿಟ್ಟಿರುತ್ತದೆ.

50 ದಾಟಿದ ಪುರುಷರು ಮೂತ್ರದ ತೊಂದರೆಯನ್ನು ವಯಸ್ಸಿನ ಸಹಜ ಧರ್ಮವೆಂದು ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ಪಿ.ಎಸ್.ಎ. ಪರೀಕ್ಷೆ ತಮಗೆ ಬೇಕೇ ಎಂಬುದನ್ನು ಅದರ ಲಾಭ ಮತ್ತು ತೊಡಕುಗಳೆರಡನ್ನೂ ಕೇಳಿ ತೀರ್ಮಾನಿಸಬೇಕು. ಮೂತ್ರದಲ್ಲಿ ರಕ್ತ, ವಾರಗಟ್ಟಲೆ ಬಿಡದ ಬೆನ್ನು ಅಥವಾ ಸೊಂಟದ ನೋವು ಕಂಡರೆ ತಡಮಾಡಬಾರದು. ಈ ರೋಗವಿರುವವರ ಕಾಲುಗಳಲ್ಲಿ ಇದ್ದಕ್ಕಿದ್ದಂತೆ ಬಲ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿದ್ದರೆ ಗಂಟೆಗಳ ವಿಳಂಬದಿಂದಲೂ ನಡೆಯುವ ಶಕ್ತಿ ಶಾಶ್ವತವಾಗಿ ಹೋಗಬಹುದು.

ಕೊನೆಯದಾಗಿ ಮಕ್ಕಳಿಗೂ ಸೊಸೆಯಂದಿರಿಗೂ ಒಂದು ವಿನಂತಿ. ಚಿಕಿತ್ಸೆ ಮುಗಿಸಿ ಬಂದ ಹಿರಿಯರು ಜಾತ್ರೆಗೆ ಬರಲೊಲ್ಲೆ ಎಂದರೆ, ನೀರು ಕುಡಿಯುವುದನ್ನು ಕಡಿಮೆ ಮಾಡಿದರೆ, ಬಟ್ಟೆಯನ್ನು ತಾವೇ ಒಗೆದುಕೊಳ್ಳತೊಡಗಿದರೆ ಅದನ್ನು ಮುಪ್ಪಿನ ಹಟವೆಂದು ಬಿಡಬೇಡಿ. ಗೆಳೆಯನಂತಹ ಒಬ್ಬ ಗಂಡಸರ ಮೂಲಕ ಮೆಲ್ಲನೆ ವಿಚಾರಿಸಿ. ಮೂತ್ರ ಸೋರಿಕೆಗೆ ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮವಿದೆ, ಔಷಧಗಳಿವೆ, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆಯೂ ಇದೆ. ಅವರು ಹೇಳಿದ್ದನ್ನು ಫೈಲಿನ ಮೊದಲ ಹಾಳೆಯಲ್ಲಿ ಪಿ.ಎಸ್.ಎ. ಅಂಕಿಯ ಪಕ್ಕದಲ್ಲಿ ಬರೆದು, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ.